ಹಿಪ್ ಹಾಪ್ ಸಂಗೀತ ಮತ್ತು ಮನೋನಿಯಂತ್ರಣದ ಪಿತೂರಿ ಸಿದ್ಧಾಂತಗಳು

ಹಿಪ್ ಹಾಪ್ ಸಂಗೀತವನ್ನು ಕೇಳುವ ಯುವಜನರ ಮನಸ್ಸನ್ನು ಯಾವುದೋ ಗುಪ್ತ ಶಕ್ತಿಯು ಆ ಸಂಗೀತದ ಮೂಲಕವೇ ತನ್ನ ವಶದಲ್ಲಿರಿಸಿಕೊಳ್ಳುತ್ತಿದೆ ಎಂಬ ನಂಬಿಕೆಗಳನ್ನು ಒಟ್ಟಾಗಿ ಹಿಪ್ ಹಾಪ್ ಕುರಿತ ಮನೋನಿಯಂತ್ರಣದ ಪಿತೂರಿ ಸಿದ್ಧಾಂತಗಳು ಎನ್ನಲಾಗುತ್ತದೆ. ಆ ಶಕ್ತಿ ಯಾವುದು ಎಂಬ ಬಗ್ಗೆ ಇವುಗಳಲ್ಲಿ ಒಮ್ಮತವಿಲ್ಲ. ಕೆಲವರು ಅಮೆರಿಕದ ಗುಪ್ತಚರ ಸಂಸ್ಥೆಯಾದ ಸಿಐಎಯನ್ನು, ಕೆಲವರು ಇಲ್ಯುಮಿನಾಟಿ ಎಂಬ ರಹಸ್ಯ ಕೂಟವನ್ನು, ಮತ್ತೆ ಕೆಲವರು ಧ್ವನಿಮುದ್ರಣ ಕಂಪನಿಗಳನ್ನೂ ಖಾಸಗಿ ಸೆರೆಮನೆಗಳ ಒಡೆಯರನ್ನೂ ಹೆಸರಿಸುತ್ತಾರೆ. 1990ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡ ಈ ಮಾತುಗಳು ಅಂತರಜಾಲ ಮತ್ತು ಮೊಬೈಲ್ ಫೋನುಗಳ ಮೂಲಕ ಜಗತ್ತಿನ ಎಲ್ಲ ಭಾಷೆಗಳ ಕೇಳುಗರನ್ನು ತಲುಪಿವೆ. ಸಂಗೀತದಿಂದ ಮನುಷ್ಯನ ಇಚ್ಛೆಯನ್ನು ಕಸಿದುಕೊಂಡು ಅವನನ್ನು ಆಳಲು ಸಾಧ್ಯ ಎಂಬುದಕ್ಕೆ ಯಾವ ಪುರಾವೆಯೂ ದೊರೆತಿಲ್ಲ. ಆದರೆ ಸಿಐಎ ಮನೋನಿಯಂತ್ರಣದ ಪ್ರಯೋಗಗಳನ್ನು ನಡೆಸಿದ್ದು ನಿಜ. ಕಪ್ಪು ಜನಾಂಗದ ಚಳವಳಿಗಳ ಒಳಗೆ ಎಫ್‌ಬಿಐ ಕೈಯಾಡಿಸಿದ್ದೂ ನಿಜ. ಈ ಸತ್ಯಗಳನ್ನೂ ಅವುಗಳ ಮೇಲೆ ಬೆಳೆದ ಕಲ್ಪನೆಗಳನ್ನೂ ಬೇರ್ಪಡಿಸಿ ನೋಡದಿದ್ದರೆ ಈ ಸಿದ್ಧಾಂತಗಳು ಏಕೆ ಹುಟ್ಟಿದವು ಎಂಬುದಾಗಲಿ, ಎಲ್ಲಿ ದಾರಿ ತಪ್ಪಿದವು ಎಂಬುದಾಗಲಿ ತಿಳಿಯುವುದಿಲ್ಲ.

ಕಲ್ಪನೆಯ ಹಿನ್ನೆಲೆ

ಒಬ್ಬರ ಮನಸ್ಸನ್ನು ಇನ್ನೊಬ್ಬರು ವಶಪಡಿಸಿಕೊಳ್ಳಬಹುದೆಂಬ ಭಾವನೆ ಬಹಳ ಹಳೆಯದು. ಕನ್ನಡದಲ್ಲಿ ವಶೀಕರಣ, ಮೋಡಿ, ಮರುಳು ಮಾಡುವುದು, ಮಂಕುಬೂದಿ ಎರಚುವುದು ಮೊದಲಾದ ಮಾತುಗಳು ಇದನ್ನೇ ಸೂಚಿಸುತ್ತವೆ. ಇಂದು ಮಂಕುಬೂದಿ ಎಂಬ ಮಾತನ್ನು ಬಳಸುವವರಲ್ಲಿ ಹೆಚ್ಚಿನವರು ಅದನ್ನು ರೂಪಕವಾಗಿಯೇ ಬಳಸುತ್ತಾರೆ. ಮನೋನಿಯಂತ್ರಣದ ಪಿತೂರಿ ಸಿದ್ಧಾಂತವು ಅದೇ ರೂಪಕಕ್ಕೆ ಪ್ರಯೋಗಾಲಯದ ಉಡುಪು ತೊಡಿಸಿ, ಅಕ್ಷರಶಃ ಸತ್ಯವೆಂದು ಮುಂದಿಡುತ್ತದೆ. ಬೂದಿಯ ಜಾಗದಲ್ಲಿ ಧ್ವನಿತರಂಗ ಬಂದಿದೆ, ಮಾಂತ್ರಿಕನ ಜಾಗದಲ್ಲಿ ಗುಪ್ತಚರ ಅಧಿಕಾರಿ ಬಂದಿದ್ದಾನೆ.

ಮಿದುಳನ್ನು ತೊಳೆಯುವುದು ಎಂಬ ಅರ್ಥದ ಇಂಗ್ಲಿಷ್ ಪದವನ್ನು 1950ರಲ್ಲಿ ಬಳಕೆಗೆ ತಂದವರು ಅಮೆರಿಕದ ಪತ್ರಕರ್ತ ಎಡ್ವರ್ಡ್ ಹಂಟರ್. ಕೊರಿಯಾ ಯುದ್ಧದಲ್ಲಿ ಸೆರೆಸಿಕ್ಕ ಅಮೆರಿಕದ ಕೆಲವು ಸೈನಿಕರು ತಮ್ಮ ದೇಶದ ವಿರುದ್ಧವೇ ಹೇಳಿಕೆ ನೀಡಿದಾಗ, ಚೀನಾ ಮತ್ತು ಸೋವಿಯತ್ ಒಕ್ಕೂಟಗಳು ಮನಸ್ಸನ್ನು ಬದಲಿಸುವ ವಿದ್ಯೆಯನ್ನು ಕಂಡುಕೊಂಡಿವೆಯೆಂಬ ಭೀತಿ ಹರಡಿತು. ಆ ವಿದ್ಯೆ ತಮ್ಮಲ್ಲಿಯೂ ಇರಬೇಕೆಂಬ ಹಂಬಲದಿಂದ ಸಿಐಎ ತನ್ನ ಪ್ರಯೋಗಗಳಿಗೆ ಕೈಹಾಕಿತು.

ನಿಜವಾಗಿ ನಡೆದ ಪ್ರಯೋಗಗಳು

1953ರ ಏಪ್ರಿಲ್ 13ರಂದು ಸಿಐಎಯ ನಿರ್ದೇಶಕ ಅಲೆನ್ ಡಲೆಸ್ ‘ಎಂಕೆ ಅಲ್ಟ್ರಾ’ ಎಂಬ ಗುಪ್ತ ಯೋಜನೆಗೆ ಒಪ್ಪಿಗೆ ನೀಡಿದರು. ರಸಾಯನಶಾಸ್ತ್ರಜ್ಞ ಸಿಡ್ನಿ ಗಾಟ್ಲೀಬ್ ಇದರ ಉಸ್ತುವಾರಿ ವಹಿಸಿದ್ದರು. ಎಲ್‌ಎಸ್‌ಡಿ ಎಂಬ ಮಾದಕ ರಾಸಾಯನಿಕ, ಸಂಮೋಹನ, ವಿದ್ಯುತ್ ಆಘಾತ, ಏಕಾಂತವಾಸ ಮೊದಲಾದ ಮಾರ್ಗಗಳಿಂದ ಮನುಷ್ಯನ ನಡವಳಿಕೆಯನ್ನು ಹಿಡಿತಕ್ಕೆ ತರಬಹುದೇ ಎಂದು ಪರೀಕ್ಷಿಸುವುದು ಇದರ ಗುರಿಯಾಗಿತ್ತು. ಒಟ್ಟು 149 ಉಪಯೋಜನೆಗಳಿದ್ದವು. ವಿಶ್ವವಿದ್ಯಾಲಯಗಳು, ಆಸ್ಪತ್ರೆಗಳು ಮತ್ತು ಸೆರೆಮನೆಗಳೂ ಸೇರಿದಂತೆ ಸುಮಾರು 80 ಸಂಸ್ಥೆಗಳಲ್ಲಿ ಕೆಲಸ ನಡೆಯಿತು. ಅವುಗಳಲ್ಲಿ ಕೆಲವಕ್ಕೆ ಹಣ ಎಲ್ಲಿಂದ ಬರುತ್ತಿದೆಯೆಂಬುದೇ ಗೊತ್ತಿರಲಿಲ್ಲ. ತಮಗೆ ಅರಿವಿಲ್ಲದೆ ಎಲ್‌ಎಸ್‌ಡಿ ಸೇವಿಸಿದವರಲ್ಲಿ ಸೇನೆಯ ವಿಜ್ಞಾನಿ ಫ್ರಾಂಕ್ ಓಲ್ಸನ್ ಒಬ್ಬರು. ಕೆಲವೇ ದಿನಗಳ ಅನಂತರ, 1953ರ ನವೆಂಬರ್ 28ರಂದು, ಅವರು ನ್ಯೂಯಾರ್ಕಿನ ಹೋಟೆಲೊಂದರ ಕಿಟಕಿಯಿಂದ ಬಿದ್ದು ಸತ್ತರು.

ಹಿಪ್ ಹಾಪ್ ಕುರಿತ ಸಂಶಯಕ್ಕೆ ಹತ್ತಿರವಾದ ಪ್ರಯೋಗಗಳು ಎರಡು. ಮೊದಲನೆಯದು ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್ನಿನಲ್ಲಿದ್ದ ಮಾದಕವ್ಯಸನಿಗಳ ಸರ್ಕಾರಿ ಆಸ್ಪತ್ರೆಯಲ್ಲಿ ನಡೆದದ್ದು. ಅಲ್ಲಿ ಡಾ. ಹ್ಯಾರಿಸ್ ಇಸ್ಬೆಲ್ ಅವರು ಕೈದಿಗಳ ಮೇಲೆ ಎಲ್‌ಎಸ್‌ಡಿ ಪ್ರಯೋಗಿಸಿದರು. ಪ್ರಯೋಗಕ್ಕೆ ಒಳಗಾದವರಲ್ಲಿ ಬಹುಪಾಲು ಕಪ್ಪು ಜನರು. ಕೆಲವರಿಗೆ 77 ದಿನ ಎಡೆಬಿಡದೆ ಅದನ್ನು ಕೊಡಲಾಯಿತು. ಒಪ್ಪಿದವರಿಗೆ ಸಿಗುತ್ತಿದ್ದ ಪ್ರತಿಫಲ ಮಾದಕವಸ್ತುವೇ. ವ್ಯಸನ ಬಿಡಿಸಬೇಕಾದ ಆಸ್ಪತ್ರೆಯೇ ವ್ಯಸನವನ್ನು ಕೂಲಿಯಾಗಿ ಕೊಟ್ಟಿತು ಎಂಬುದು ಈ ಇಡೀ ಇತಿಹಾಸದ ಅತ್ಯಂತ ಲಜ್ಜೆಗೇಡಿನ ಸಂಗತಿಗಳಲ್ಲಿ ಒಂದು.

ಎರಡನೆಯದು ಕೆನಡಾದ ಮಾಂಟ್ರಿಯಲ್ ನಗರದ ಆಲನ್ ಮೆಮೋರಿಯಲ್ ಸಂಸ್ಥೆಯದು. ಮನೋವೈದ್ಯ ಎವೆನ್ ಕ್ಯಾಮರಾನ್ ಅವರು ತಮ್ಮ ರೋಗಿಗಳನ್ನು ಔಷಧದಿಂದ ದೀರ್ಘ ನಿದ್ರೆಗೆ ದೂಡಿ, ತೀವ್ರ ವಿದ್ಯುತ್ ಆಘಾತ ನೀಡಿ, ಬಳಿಕ ಧ್ವನಿಮುದ್ರಿತ ವಾಕ್ಯಗಳನ್ನು ಸಾವಿರಾರು ಬಾರಿ ಕೇಳಿಸುತ್ತಿದ್ದರು. ಹಳೆಯ ಮನಸ್ಸನ್ನು ಅಳಿಸಿ ಹೊಸ ಮನಸ್ಸನ್ನು ಬರೆಯಬಹುದೆಂಬುದು ಅವರ ಊಹೆ. 1957ರಿಂದ ಕೆಲವು ವರ್ಷ ಸಿಐಎ ಮುಖವಾಡದ ಸಂಸ್ಥೆಯೊಂದರ ಮೂಲಕ ಇದಕ್ಕೆ ಹಣ ಒದಗಿಸಿತು. ಫಲ ಸಿಕ್ಕಿದ್ದು ಊಹೆಯ ಮೊದಲರ್ಧಕ್ಕೆ ಮಾತ್ರ. ಖಿನ್ನತೆ, ಆತಂಕಗಳಂಥ ತೊಂದರೆಗಳಿಗೆ ಚಿಕಿತ್ಸೆ ಬಯಸಿ ಬಂದವರು ನೆನಪು ಕಳೆದುಕೊಂಡು ಹೋದರು. ಅಳಿಸಿದ ಜಾಗದಲ್ಲಿ ಏನನ್ನೂ ಬರೆಯಲಾಗಲಿಲ್ಲ. 1992ರಲ್ಲಿ ಕೆನಡಾ ಸರ್ಕಾರ 77 ಮಂದಿಗೆ ತಲಾ 1 ಲಕ್ಷ ಕೆನಡಾ ಡಾಲರ್ ಪರಿಹಾರ ನೀಡಿತು. ಧ್ವನಿಯ ಮೂಲಕ ಮನಸ್ಸನ್ನು ಆಳುವ ಪ್ರಯತ್ನಕ್ಕೆ ದಾಖಲೆಯುಳ್ಳ ದೊಡ್ಡ ಉದಾಹರಣೆಯೆಂದರೆ ಇದೇ. ಬೀಗ ಹಾಕಿದ ಕೋಣೆ, ಔಷಧ, ವಿದ್ಯುತ್ತು ಮತ್ತು ವಾರಗಟ್ಟಲೆ ಕಾಲ ಎಲ್ಲವೂ ಕೈಯಲ್ಲಿದ್ದೂ ಅದು ವಿಫಲವಾಯಿತು. ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕುಳಿತ ಹುಡುಗನ ಮೇಲೆ ನಾಲ್ಕು ನಿಮಿಷದ ಹಾಡು ಅದನ್ನು ಸಾಧಿಸುತ್ತದೆ ಎನ್ನುವವರು ಈ ವೈಫಲ್ಯಕ್ಕೆ ಮೊದಲು ಉತ್ತರ ಹೇಳಬೇಕಾಗುತ್ತದೆ.

1973ರಲ್ಲಿ ಸಿಐಎಯ ಆಗಿನ ನಿರ್ದೇಶಕ ರಿಚರ್ಡ್ ಹೆಲ್ಮ್ಸ್ ಯೋಜನೆಯ ಕಡತಗಳನ್ನು ನಾಶಪಡಿಸಲು ಆಜ್ಞಾಪಿಸಿದರು. 1974ರ ಡಿಸೆಂಬರಿನಲ್ಲಿ ಪತ್ರಕರ್ತ ಸೀಮೋರ್ ಹರ್ಷ್ ಸಿಐಎ ದೇಶದೊಳಗೆ ನಡೆಸಿದ ಅಕ್ರಮಗಳನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಬಯಲಿಗೆಳೆದರು. 1975ರಲ್ಲಿ ಸೆನೆಟರ್ ಫ್ರಾಂಕ್ ಚರ್ಚ್ ಅಧ್ಯಕ್ಷತೆಯ ಸಮಿತಿ ತನಿಖೆ ನಡೆಸಿತು. ಬೇರೆಡೆ ಇರಿಸಿದ್ದ ಸುಮಾರು 20,000 ಪುಟಗಳ ಲೆಕ್ಕಪತ್ರಗಳು ನಾಶದಿಂದ ತಪ್ಪಿಸಿಕೊಂಡು 1977ರಲ್ಲಿ ಮಾಹಿತಿ ಹಕ್ಕಿನ ಕಾನೂನಿನ ಮೂಲಕ ಹೊರಬಂದವು. ಉಳಿದ ಕಡತಗಳು ಇಲ್ಲವಾದದ್ದೇ ಮುಂದೆ ಪಿತೂರಿ ಕಥೆಗಳಿಗೆ ದೊಡ್ಡ ಆಸರೆಯಾಯಿತು. ಸುಟ್ಟುಹೋದ ಪುಟದಲ್ಲಿ ಏನು ಬೇಕಾದರೂ ಇದ್ದಿತೆಂದು ಹೇಳಬಹುದಲ್ಲವೇ? ಮಕ್ಕಳನ್ನು ಗಾಯಕ, ಗಾಯಕಿಯರಾಗಿ ಬೆಳೆಸಿ ಗುಲಾಮರನ್ನಾಗಿಸುತ್ತದೆ ಎನ್ನಲಾಗುವ ‘ಮೊನಾರ್ಕ್’ ಯೋಜನೆಯ ಕಥೆ ಇದೇ ಖಾಲಿ ಜಾಗದಲ್ಲಿ 1990ರ ದಶಕದಲ್ಲಿ ಬೆಳೆಯಿತು. ಅಂಥ ಯೋಜನೆಯೊಂದು ಇದ್ದುದಕ್ಕೆ ದಾಖಲೆಯಿಲ್ಲ.

ಇದಕ್ಕೆ ಇನ್ನೆರಡು ಸತ್ಯಗಳನ್ನು ಸೇರಿಸಿಕೊಳ್ಳಬೇಕು. 1932ರಿಂದ 1972ರವರೆಗೆ ಅಲಬಾಮಾ ರಾಜ್ಯದ ಟಸ್ಕೀಗಿಯಲ್ಲಿ ಸಿಫಿಲಿಸ್ ರೋಗವಿದ್ದ 399 ಕಪ್ಪು ಗಂಡಸರಿಗೆ, ಪೆನಿಸಿಲಿನ್ ಲಭ್ಯವಾದ ಮೇಲೂ, ಸರ್ಕಾರದ ವೈದ್ಯರು ಚಿಕಿತ್ಸೆ ಕೊಡದೆ ರೋಗದ ಗತಿಯನ್ನು ನೋಡುತ್ತ ಕುಳಿತರು. 1956ರಿಂದ 1971ರವರೆಗೆ ಎಫ್‌ಬಿಐ ನಡೆಸಿದ ‘ಕೋಇಂಟೆಲ್‌ಪ್ರೊ’ ಕಾರ್ಯಾಚರಣೆಯು ಮಾರ್ಟಿನ್ ಲೂಥರ್ ಕಿಂಗ್ ಮತ್ತು ಬ್ಲ್ಯಾಕ್ ಪ್ಯಾಂಥರ್ ಪಕ್ಷದಂಥವರ ವಿರುದ್ಧ ಅನಾಮಧೇಯ ಪತ್ರ, ಸುಳ್ಳು ಸುದ್ದಿ ಮತ್ತು ಒಳಗಿನವರ ಮಾಹಿತಿಗಳನ್ನು ಬಳಸಿತು. ಕಪ್ಪು ಬಡಾವಣೆಯೊಂದರಲ್ಲಿ ಬೆಳೆದ ಯುವಕ ಸರ್ಕಾರವನ್ನು ಸಂಶಯಿಸುವುದು ಮೌಢ್ಯವಲ್ಲ, ಅನುಭವ. ರಾಪರ್ ಟುಪಾಕ್ ಶಕೂರ್ ಅವರ ತಾಯಿ ಅಫೇನಿ ಶಕೂರ್ ಬ್ಲ್ಯಾಕ್ ಪ್ಯಾಂಥರ್ ಸದಸ್ಯೆಯಾಗಿದ್ದು, ನ್ಯೂಯಾರ್ಕಿನ ಪ್ರಸಿದ್ಧ ಮೊಕದ್ದಮೆಯಲ್ಲಿ 1971ರಲ್ಲಿ ದೋಷಮುಕ್ತರಾದವರು.

ಹಿಪ್ ಹಾಪ್‌ಗೆ ಇಲ್ಯುಮಿನಾಟಿ ಬಂದ ಬಗೆ

ಹಿಪ್ ಹಾಪ್ ಹುಟ್ಟಿದ ದಿನವೆಂದು ಸಾಮಾನ್ಯವಾಗಿ 1973ರ ಆಗಸ್ಟ್ 11ನ್ನು ಹೇಳುತ್ತಾರೆ. ಅಂದು ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದ ವಸತಿ ಕಟ್ಟಡವೊಂದರಲ್ಲಿ ಜಮೈಕಾ ಮೂಲದ ಡಿಜೆ ಕೂಲ್ ಹರ್ಕ್ ತನ್ನ ತಂಗಿ ಏರ್ಪಡಿಸಿದ ಕೂಟಕ್ಕೆ ಧ್ವನಿತಟ್ಟೆಗಳನ್ನು ನುಡಿಸಿದರು. ಎಂಕೆ ಅಲ್ಟ್ರಾ ಕಡತಗಳು ನಾಶವಾದ ವರ್ಷವೂ ಇದೇ. ಎರಡಕ್ಕೂ ಯಾವ ಸಂಬಂಧವೂ ಇಲ್ಲ. ಆದರೆ ಇಂಥ ಎರಡು ಇಸವಿಗಳನ್ನು ಪಕ್ಕಪಕ್ಕದಲ್ಲಿಟ್ಟು ಸುಮ್ಮನಾಗುವುದೇ ಪಿತೂರಿ ಕಥನದ ಮುಖ್ಯ ಉಪಾಯ. ನಡುವಿನ ಗೆರೆಯನ್ನು ಓದುಗನೇ ಎಳೆದುಕೊಳ್ಳುತ್ತಾನೆ.

ಇಲ್ಯುಮಿನಾಟಿ ಎಂಬ ಕೂಟ ಒಂದು ಕಾಲದಲ್ಲಿ ಇದ್ದದ್ದು ನಿಜ. ಜರ್ಮನಿಯ ಬವೇರಿಯಾ ಪ್ರಾಂತದ ಇಂಗೋಲ್‌ಸ್ಟಾಟ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಆಡಂ ವೈಸ್‌ಹಾಪ್ಟ್ ಅದನ್ನು 1776ರ ಮೇ 1ರಂದು ಸ್ಥಾಪಿಸಿದರು. ಮತಾಧಿಕಾರವನ್ನು ವಿರೋಧಿಸುವ ವಿಚಾರವಾದಿಗಳ ಗುಪ್ತ ಸಂಘ ಅದು. 1784 ಮತ್ತು 1785ರ ರಾಜಾಜ್ಞೆಗಳಿಂದ ಅದು ಮುಚ್ಚಿಹೋಯಿತು. ಬಳಿಕ 1797ರಲ್ಲಿ ಫ್ರಾನ್ಸಿನ ಪಾದ್ರಿ ಬಾರುಯೆಲ್ ಮತ್ತು ಸ್ಕಾಟ್ಲೆಂಡಿನ ವಿಜ್ಞಾನಿ ರಾಬಿಸನ್ ಪ್ರಕಟಿಸಿದ ಪುಸ್ತಕಗಳು ಫ್ರೆಂಚ್ ಕ್ರಾಂತಿಗೆ ಈ ಸತ್ತ ಸಂಘವೇ ಕಾರಣವೆಂದು ವಾದಿಸಿದವು. ಸಂಘಕ್ಕೆ ಬದುಕಿದ್ದಾಗ ಇದ್ದದ್ದು ಹತ್ತು ವರ್ಷಕ್ಕಿಂತ ಕಡಿಮೆ ಆಯುಷ್ಯ. ಸತ್ತ ಮೇಲೆ ಇನ್ನೂರು ವರ್ಷ ದಾಟಿದೆ.

ಈ ಹೆಸರನ್ನು ಅಮೆರಿಕದ ಸೆರೆಮನೆಗಳಿಗೂ ಕಪ್ಪು ಬಡಾವಣೆಗಳಿಗೂ ತಲುಪಿಸಿದ್ದರಲ್ಲಿ ಮಿಲ್ಟನ್ ವಿಲಿಯಂ ಕೂಪರ್ 1991ರಲ್ಲಿ ಪ್ರಕಟಿಸಿದ ಪುಸ್ತಕದ ಪಾಲು ದೊಡ್ಡದು. ಕೈದಿಗಳು ಮತ್ತು ರಾಪರ್‌ಗಳು ಅದನ್ನು ಕೈಯಿಂದ ಕೈಗೆ ದಾಟಿಸಿ ಓದಿದರು. ಯಹೂದಿಗಳ ಮೇಲೆ ದ್ವೇಷ ಹುಟ್ಟಿಸಲು ರಷ್ಯಾದಲ್ಲಿ 1903ರಲ್ಲಿ ಪ್ರಕಟವಾದ, 1921ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆ ನಕಲಿಯೆಂದು ಸಾಬೀತುಪಡಿಸಿದ ‘ಝಿಯಾನ್ ಹಿರಿಯರ ನಡಾವಳಿ’ ಎಂಬ ಖೋಟಾ ದಾಖಲೆಯನ್ನೂ ಕೂಪರ್ ತನ್ನ ಪುಸ್ತಕದಲ್ಲಿ ಸೇರಿಸಿದ್ದರು. ಯಹೂದಿ ಎಂದಿರುವಲ್ಲಿ ಇಲ್ಯುಮಿನಾಟಿ ಎಂದು ಓದಿಕೊಳ್ಳಬೇಕೆಂದು ಸೂಚಿಸಿದ್ದರು. ಇಂದು ಇಲ್ಯುಮಿನಾಟಿ ಎಂಬ ಮಾತನ್ನು ತಮಾಷೆಗೆ ಬಳಸುವ ವಿದ್ಯಾರ್ಥಿಗಳಿಗೆ ಅದರ ಹಿಂದೆ ಇಂಥದೊಂದು ಜನಾಂಗದ್ವೇಷದ ಬೇರಿದೆಯೆಂಬುದು ಸಾಮಾನ್ಯವಾಗಿ ತಿಳಿದಿರುವುದಿಲ್ಲ.

1995ರಲ್ಲಿ ಮಾಬ್ ಡೀಪ್ ತಂಡದ ಪ್ರಾಡಿಜಿ ಎಲ್ ಎಲ್ ಕೂಲ್ ಜೆ ಅವರ ಹಾಡೊಂದರ ಮರುಮುದ್ರಣದಲ್ಲಿ ಇಲ್ಯುಮಿನಾಟಿಯನ್ನು ಹೆಸರಿಸಿದರು. ಮರುವರ್ಷ ಜೇ ಜೀ ಆ ಸಾಲಿನ ಧ್ವನಿಯನ್ನು ತಮ್ಮ ಹಾಡಿನಲ್ಲಿ ಅಳವಡಿಸಿಕೊಂಡರು. ಹೆಬ್ಬೆರಳು, ತೋರುಬೆರಳುಗಳನ್ನು ಜೋಡಿಸಿ ಜೇ ಜೀ ತೋರಿಸುತ್ತಿದ್ದ ಆಕೃತಿ ಅವರ ರಾಕ್ ಎ ಫೆಲ್ಲಾ ಕಂಪನಿಯ ವಜ್ರದ ಗುರುತು. ನೋಡುವವರು ಅದನ್ನು ತ್ರಿಕೋನವೆಂದೂ, ತ್ರಿಕೋನವನ್ನು ಡಾಲರ್ ನೋಟಿನ ಮೇಲಿರುವ ಕಣ್ಣಿನ ಚಿಹ್ನೆಯೆಂದೂ, ಆ ಚಿಹ್ನೆಯನ್ನು ಇಲ್ಯುಮಿನಾಟಿಯ ಮುದ್ರೆಯೆಂದೂ ಓದಿದರು. ಜೇ ಜೀ ಇದನ್ನು ಹಲವು ಬಾರಿ ಅಲ್ಲಗಳೆದಿದ್ದಾರೆ. ಅಲ್ಲಗಳೆಯುವುದನ್ನೂ ಸಾಕ್ಷಿಯೆಂದೇ ಎಣಿಸುವ ವಾದವನ್ನು ಯಾವ ಉತ್ತರವೂ ಅಲುಗಿಸಲಾರದು.

ಟುಪಾಕ್ 1996ರ ಸೆಪ್ಟೆಂಬರ್ 7ರಂದು ಲಾಸ್ ವೇಗಸ್ಸಿನಲ್ಲಿ ಗುಂಡೇಟು ತಿಂದು 13ರಂದು ಸತ್ತರು. ಅದೇ ವರ್ಷದ ನವೆಂಬರಿನಲ್ಲಿ ಹೊರಬಂದ ಅವರ ಆಲ್ಬಮ್ಮಿನ ಹೆಸರಿನಲ್ಲಿ ‘ಕಿಲ್ಯುಮಿನಾಟಿ’ ಎಂಬ ಪದವಿತ್ತು. ಇಲ್ಯುಮಿನಾಟಿಯನ್ನು ವಿರೋಧಿಸಿದ್ದಕ್ಕೆ ಅವರನ್ನು ಕೊಲ್ಲಲಾಯಿತೆಂಬ ಕಥೆ ಅಲ್ಲಿಂದ ಹಬ್ಬಿತು. ಸೆರೆಮನೆಯಲ್ಲಿದ್ದಾಗ ಈ ಕೂಟದ ಬಗ್ಗೆ ಕೇಳಿದ ಮಾತುಗಳನ್ನು ಟುಪಾಕ್ ನಂಬಿರಲಿಲ್ಲ. ಆ ಮಾತಿಗೆ ಅಂತ್ಯ ಹಾಡಬೇಕೆಂದೇ ಆ ಪದವನ್ನು ಕಟ್ಟಿದುದಾಗಿ ಸಂದರ್ಶನದಲ್ಲಿ ತಿಳಿಸಿದ್ದರು. ನಂಬದವನನ್ನೇ ನಂಬಿಕೆಯ ಹುತಾತ್ಮನನ್ನಾಗಿ ಮಾಡಿದ್ದು ಈ ಕಥೆಯ ವಿಪರ್ಯಾಸ. ಕೊಲೆಯಾದ 27 ವರ್ಷಗಳ ಅನಂತರ, 2023ರ ಸೆಪ್ಟೆಂಬರಿನಲ್ಲಿ, ಪೊಲೀಸರು ಬೀದಿ ಗುಂಪೊಂದರ ಮಾಜಿ ಸದಸ್ಯನೊಬ್ಬನನ್ನು ಬಂಧಿಸಿದರು.

1991ರ ‘ಗುಪ್ತ ಸಭೆ’

ಈ ಸಿದ್ಧಾಂತಗಳಲ್ಲಿ ಹೆಚ್ಚು ತರ್ಕಬದ್ಧವಾಗಿ ತೋರುವುದು 2012ರಲ್ಲಿ ಅಂತರಜಾಲದಲ್ಲಿ ಕಾಣಿಸಿಕೊಂಡ ಸಹಿಯಿಲ್ಲದ ಪತ್ರವೊಂದು. ತಾನು ಸಂಗೀತ ಕಂಪನಿಯೊಂದರಲ್ಲಿ ನಿರ್ಧಾರ ಕೈಗೊಳ್ಳುವ ಸ್ಥಾನದಲ್ಲಿದ್ದೆನೆಂದೂ, 1991ರಲ್ಲಿ ಲಾಸ್ ಏಂಜಲಿಸ್ ಹೊರವಲಯದ ಮನೆಯೊಂದರಲ್ಲಿ ನಡೆದ ಸಭೆಗೆ ಕರೆಯಲ್ಪಟ್ಟೆನೆಂದೂ ಬರೆದವರು ಹೇಳಿಕೊಂಡಿದ್ದಾರೆ. ಕಂಪನಿಗಳು ಖಾಸಗಿ ಸೆರೆಮನೆಗಳಲ್ಲಿ ಹಣ ತೊಡಗಿಸಿವೆ, ಸೆರೆಮನೆ ತುಂಬಿದಷ್ಟೂ ಲಾಭ, ಆದ್ದರಿಂದ ಅಪರಾಧವನ್ನು ವೈಭವೀಕರಿಸುವ ರಾಪ್ ಸಂಗೀತವನ್ನು ಬೆಳೆಸಬೇಕು ಎಂದು ಅಲ್ಲಿ ತಿಳಿಸಲಾಯಿತಂತೆ. ಪತ್ರದಲ್ಲಿ ಸಭೆಗೆ ಬಂದ ಯಾರ ಹೆಸರೂ ಇಲ್ಲ, ಯಾವ ಕಂಪನಿಯ ಹೆಸರೂ ಇಲ್ಲ. ಪರಿಶೀಲಿಸಬಹುದಾದ ಒಂದು ಎಳೆಯನ್ನೂ ಅದು ಬಿಟ್ಟುಕೊಟ್ಟಿಲ್ಲ.

ಆದರೂ ಪತ್ರದಲ್ಲಿ ಹೇಳಿದ ಕಾರಣ, ಪರಿಣಾಮಗಳನ್ನು ಪರಿಶೀಲಿಸಬಹುದು. ಅಮೆರಿಕದ ರಾಜ್ಯ ಮತ್ತು ಕೇಂದ್ರ ಸೆರೆಮನೆಗಳಲ್ಲಿ 1980ರಲ್ಲಿ ಸುಮಾರು 3.3 ಲಕ್ಷ ಕೈದಿಗಳಿದ್ದರು. 1991ರ ಹೊತ್ತಿಗೆ ಅದು ಸುಮಾರು 8 ಲಕ್ಷಕ್ಕೆ ಏರಿತ್ತು. ಅಂದರೆ ಸಭೆ ನಡೆಯಿತೆನ್ನಲಾದ ಮುಂಚೆಯೇ ಸೆರೆಮನೆಗಳು ತುಂಬುತ್ತಿದ್ದವು. ತುಂಬಿಸಿದ್ದು ಹಾಡಲ್ಲ, ಕಾನೂನು. 1986ರ ಮಾದಕವಸ್ತು ಕಾಯ್ದೆಯು ಬಡವರಲ್ಲಿ ಬಳಕೆಯಲ್ಲಿದ್ದ ಕ್ರ್ಯಾಕ್ ಕೊಕೇನಿನ ಒಂದು ಗ್ರಾಮನ್ನು ಪುಡಿ ಕೊಕೇನಿನ ನೂರು ಗ್ರಾಮಿಗೆ ಸಮವೆಂದು ಎಣಿಸಿ ಶಿಕ್ಷೆ ನಿಗದಿಪಡಿಸಿತು. 2010ರಲ್ಲಿ ಈ ಪ್ರಮಾಣವನ್ನು 18ಕ್ಕೆ ಇಳಿಸಲಾಯಿತು. ಖಾಸಗಿ ಸೆರೆಮನೆಗಳಲ್ಲಿರುವವರು ಒಟ್ಟು ಕೈದಿಗಳಲ್ಲಿ ನೂರಕ್ಕೆ ಎಂಟರ ಆಸುಪಾಸು ಮಾತ್ರ. ಇನ್ನು ಹಾಡಿನಿಂದ ಅಪರಾಧ ಹೆಚ್ಚಿತೇ ಎಂದರೆ, ಹಿಂಸಾತ್ಮಕ ಅಪರಾಧಗಳ ಪ್ರಮಾಣ 1991ರಲ್ಲಿ ಲಕ್ಷ ಜನರಿಗೆ ಸುಮಾರು 758 ಇದ್ದದ್ದು 2000ದಲ್ಲಿ ಸುಮಾರು 507ಕ್ಕೆ ಇಳಿಯಿತು. ಗ್ಯಾಂಗ್‌ಸ್ಟಾ ರಾಪ್ ಅತಿ ಹೆಚ್ಚು ಮಾರಾಟವಾದದ್ದು ಇದೇ ದಶಕದಲ್ಲಿ.

ಹಾಗಾದರೆ 1991ರಲ್ಲಿ ಗ್ಯಾಂಗ್‌ಸ್ಟಾ ರಾಪ್ ಏಕಾಏಕಿ ಮುಂಚೂಣಿಗೆ ಬಂದದ್ದೇಕೆ? ಉತ್ತರ ಬಹಳ ಸಪ್ಪೆಯಾದದ್ದು. ಅಲ್ಲಿಯವರೆಗೆ ಬಿಲ್‌ಬೋರ್ಡ್ ಪತ್ರಿಕೆ ಅಂಗಡಿಯವರನ್ನು ಫೋನಿನಲ್ಲಿ ಕೇಳಿ ಜನಪ್ರಿಯತೆಯ ಪಟ್ಟಿ ತಯಾರಿಸುತ್ತಿತ್ತು. 1991ರ ಮೇ 25ರ ಸಂಚಿಕೆಯಿಂದ ಸೌಂಡ್‌ಸ್ಕ್ಯಾನ್ ವ್ಯವಸ್ಥೆಯ ಮೂಲಕ ನಿಜವಾದ ಮಾರಾಟವನ್ನು ಎಣಿಸತೊಡಗಿತು. ಒಂದು ತಿಂಗಳೊಳಗೆ ಎನ್‌ಡಬ್ಲ್ಯೂಎ ತಂಡದ ಎರಡನೆಯ ಪೂರ್ಣ ಆಲ್ಬಮ್ ಪಟ್ಟಿಯ ತುದಿಗೇರಿತು. ಜನರು ಮೊದಲೇ ಕೊಳ್ಳುತ್ತಿದ್ದ ಸಂಗೀತವನ್ನು ಪಟ್ಟಿ ಆಗಷ್ಟೇ ಕಾಣತೊಡಗಿತ್ತು. ಮುಂದೆ 1996ರ ದೂರಸಂಪರ್ಕ ಕಾಯ್ದೆಯು ಒಂದು ಕಂಪನಿ ದೇಶದಾದ್ಯಂತ ಹೊಂದಬಹುದಾದ ರೇಡಿಯೊ ಕೇಂದ್ರಗಳ ಮಿತಿಯನ್ನು ತೆಗೆದುಹಾಕಿತು. 40 ಕೇಂದ್ರಗಳ ಮಿತಿಯಲ್ಲಿದ್ದ ಕ್ಲಿಯರ್ ಚಾನೆಲ್ ಕೆಲವೇ ವರ್ಷಗಳಲ್ಲಿ 1,200ಕ್ಕೂ ಹೆಚ್ಚು ಕೇಂದ್ರಗಳ ಒಡೆತನ ಪಡೆಯಿತು. ಊರೂರಿಗೂ ಬೇರೆಯಾಗಿದ್ದ ಹಾಡುಗಳ ಆಯ್ಕೆ ಒಂದೇ ಅಚ್ಚಿಗೆ ಬಂತು. ಕೆಲವೇ ಕೈಗಳು ಜನರು ಏನು ಕೇಳಬೇಕೆಂದು ನಿರ್ಧರಿಸುತ್ತವೆ ಎಂಬ ದೂರಿನಲ್ಲಿ ಇಷ್ಟು ನಿಜವಿದೆ. ಆದರೆ ಅದು ನಡೆದದ್ದು ಸಂಸತ್ತಿನ ಮತದಾನದಿಂದ, ಷೇರುಪೇಟೆಯ ಕಣ್ಣೆದುರಿನಲ್ಲಿ. ಗುಪ್ತ ಸಭೆಯನ್ನು ಹುಡುಕುತ್ತ ಹೊರಟವರ ಕಣ್ಣಿಗೆ ರಾಜಪತ್ರದಲ್ಲಿ ಅಚ್ಚಾದದ್ದು ಬೀಳಲಿಲ್ಲ.

ಸರ್ಕಾರ ರಾಪ್ ಸಂಗೀತವನ್ನು ಬೆಳೆಸುವ ಬದಲು ಹತ್ತಿಕ್ಕಲು ನೋಡಿದ್ದಕ್ಕೆ ದಾಖಲೆಗಳಿವೆ. ಪೊಲೀಸರನ್ನು ಖಂಡಿಸಿದ ಎನ್‌ಡಬ್ಲ್ಯೂಎ ಹಾಡಿನ ಬಗ್ಗೆ 1989ರಲ್ಲಿ ಎಫ್‌ಬಿಐ ಅಧಿಕಾರಿಯೊಬ್ಬರು ಪ್ರಯಾರಿಟಿ ರೆಕಾರ್ಡ್ಸ್ ಕಂಪನಿಗೆ ಆಕ್ಷೇಪದ ಪತ್ರ ಬರೆದರು. ಆ ಪತ್ರದಿಂದ ತಂಡಕ್ಕೆ ಸಿಕ್ಕಿದ್ದು ಪ್ರಚಾರ.

ಧ್ವನಿಯ ಶಕ್ತಿ ಎಷ್ಟು

ಹಾಡಿನೊಳಗೆ ಕಿವಿಗೆ ಕೇಳಿಸದ ಆಜ್ಞೆಗಳನ್ನು ಅಡಗಿಸಬಹುದೆಂಬ ನಂಬಿಕೆಗೆ ಮೂಲ ಜೇಮ್ಸ್ ವಿಕರಿ ಎಂಬ ಜಾಹೀರಾತುಗಾರನ 1957ರ ಹೇಳಿಕೆ. ಸಿನಿಮಾ ಪರದೆಯ ಮೇಲೆ ಕಣ್ಣಿಗೆ ಕಾಣದಷ್ಟು ಕ್ಷಣಿಕವಾಗಿ ಸಂದೇಶ ತೋರಿಸಿ ಪಾಪ್‌ಕಾರ್ನ್ ಮಾರಾಟ ಹೆಚ್ಚಿಸಿದೆನೆಂದು ಆತ ಸಾರಿದ್ದ. 1962ರಲ್ಲಿ ಅದು ತನ್ನ ವ್ಯಾಪಾರ ಉಳಿಸಿಕೊಳ್ಳಲು ಹೂಡಿದ ತಂತ್ರವೆಂದು ಒಪ್ಪಿಕೊಂಡ. ಹಾಡನ್ನು ಹಿಂದುಮುಂದಾಗಿ ನುಡಿಸಿದಾಗ ಕೇಳುವ ಸಂದೇಶಗಳ ಬಗ್ಗೆ ಕೆನಡಾದ ಮನೋವಿಜ್ಞಾನಿಗಳಾದ ವೋಕಿ ಮತ್ತು ರೀಡ್ 1985ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧವಾಗಿದೆ. ಹಿಂದುಮುಂದಾದ ಮಾತಿನ ಅರ್ಥ ಕೇಳುಗರ ಮೇಲೆ ಪ್ರಭಾವ ಬೀರಲಿಲ್ಲ. ಏನು ಕೇಳಿಸಬೇಕೆಂದು ಮೊದಲೇ ಹೇಳಿಕೊಟ್ಟಾಗ ಮಾತ್ರ ಅದು ‘ಕೇಳಿಸಿತು’. ಜುಡಾಸ್ ಪ್ರೀಸ್ಟ್ ಎಂಬ ರಾಕ್ ತಂಡದ ಹಾಡಿನ ಗುಪ್ತ ಸಂದೇಶದಿಂದ ಇಬ್ಬರು ಯುವಕರು ಆತ್ಮಹತ್ಯೆಗೆ ಯತ್ನಿಸಿದರೆಂಬ ಮೊಕದ್ದಮೆ ನೆವಾಡಾ ನ್ಯಾಯಾಲಯದಲ್ಲಿ 1990ರಲ್ಲಿ ಬಿದ್ದುಹೋಯಿತು.

ಸಂಗೀತದ ಶ್ರುತಿಯನ್ನು 440 ಹರ್ಟ್ಸ್‌ಗೆ ನಿಗದಿಪಡಿಸಿದ್ದೇ ಜನರನ್ನು ಉದ್ರೇಕಿಸುವ ಸಂಚು, 432 ಹರ್ಟ್ಸ್ ಸ್ವಾಭಾವಿಕ ಶ್ರುತಿ ಎಂಬ ವಾದವೂ ಚಲಾವಣೆಯಲ್ಲಿದೆ. 1939ರಲ್ಲಿ ಲಂಡನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಭೆ, ವಾದ್ಯಗಳನ್ನು ದೇಶದಿಂದ ದೇಶಕ್ಕೆ ಒಂದೇ ರೀತಿ ಹೊಂದಿಸುವ ಅನುಕೂಲಕ್ಕಾಗಿ 440ನ್ನು ಶಿಫಾರಸು ಮಾಡಿತು. ಭಾರತೀಯ ಸಂಗೀತ ಬಲ್ಲವರಿಗೆ ಈ ವಾದದ ಪೊಳ್ಳುತನ ಬೇಗ ಹೊಳೆಯುತ್ತದೆ. ಇಲ್ಲಿ ಪ್ರತಿಯೊಬ್ಬ ಗಾಯಕನೂ ತನ್ನ ಕಂಠಕ್ಕೆ ಒಗ್ಗುವ ಆಧಾರಶ್ರುತಿಯನ್ನು ಆರಿಸಿಕೊಳ್ಳುತ್ತಾನೆ. ಗಂಡಸರದು ಒಂದು, ಹೆಂಗಸರದು ಒಂದು, ವಯಸ್ಸಾದಂತೆ ಇನ್ನೊಂದು. ಯಾವ ಶ್ರುತಿಯೂ ಕೇಳುಗರನ್ನು ಯಾರಿಗೂ ಒಪ್ಪಿಸಿಲ್ಲ.

ತಾಳಕ್ಕೆ ಮೈಮರೆಯುವುದು ಮಾತ್ರ ನಿಜವಾದ ಅನುಭವ. ದಾವಣಗೆರೆ ಜಿಲ್ಲೆಯ ಜಗಳೂರು ಮತ್ತು ಅದಕ್ಕೆ ಹೊಂದಿದ ಚಿತ್ರದುರ್ಗ ಸೀಮೆಯಲ್ಲಿ ಉರುಮೆಯ ಬಡಿತಕ್ಕೆ ಮೈಮೇಲೆ ದೇವರು ಬರುವುದನ್ನು ಜಾತ್ರೆಗಳಲ್ಲಿ ಕಾಣಬಹುದು. ವೀರಗಾಸೆಯವರು ಒಡಪು ಹೇಳುತ್ತ ಆವೇಶಗೊಳ್ಳುತ್ತಾರೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳ. ಫೆಬ್ರವರಿಯ ಜಯಂತಿಗೆ ಹಲವು ರಾಜ್ಯಗಳ ತಾಂಡಾಗಳಿಂದ ಬರುವ ಲಂಬಾಣಿ ಭಕ್ತರು ನಗಾರಿ, ಕಂಚಿನ ತಟ್ಟೆಗಳ ಗತಿಗೆ ಭಜನೆ ಹಾಡುತ್ತ ಕುಣಿಯುತ್ತಾರೆ. ಇವುಗಳನ್ನು ನೋಡಿದವರಿಗೆ ಒಂದು ಸಂಗತಿ ಗೊತ್ತು. ಬಡಿತ ಎಲ್ಲರ ಕಿವಿಗೂ ಒಂದೇ. ದೇವರು ಬರುವುದು ಪೂಜಾರಿಯ ಮೈಮೇಲೆ. ಗಂಟೆಗಟ್ಟಲೆ ಉರುಮೆ ಬಾರಿಸುವವನೇ ಎಚ್ಚರವಾಗಿರುತ್ತಾನೆ. ಪಕ್ಕದಲ್ಲಿ ಮಂಡಕ್ಕಿ ತಿನ್ನುತ್ತ ನಿಂತ ಮಗುವಿಗೆ ಏನೂ ಆಗುವುದಿಲ್ಲ. ಫ್ರಾನ್ಸಿನ ಸಂಗೀತ ವಿದ್ವಾಂಸ ಗಿಲ್ಬರ್ಟ್ ರೂಜೆ ಅನೇಕ ದೇಶಗಳ ಆವೇಶದ ಆಚರಣೆಗಳನ್ನು ಹೋಲಿಸಿ 1980ರಲ್ಲಿ ಪ್ರಕಟಿಸಿದ ಗ್ರಂಥದ ತೀರ್ಮಾನವೂ ಇದೇ ದಿಕ್ಕಿನದು. ನಾದದ ಭೌತಿಕ ಗುಣವೊಂದೇ ಆವೇಶವನ್ನು ಹುಟ್ಟಿಸುವುದಿಲ್ಲ. ಆ ನಾದಕ್ಕೆ ಒಂದು ಸಮುದಾಯ ಕೊಟ್ಟಿರುವ ಅರ್ಥ, ವ್ಯಕ್ತಿಯ ನಂಬಿಕೆ, ಸಂದರ್ಭ ಎಲ್ಲವೂ ಕೂಡಿದಾಗ ಅದು ಒದಗುತ್ತದೆ. ಹೊರಗಿನವನೊಬ್ಬ ಗುಟ್ಟಾಗಿ ಒತ್ತಬಹುದಾದ ಗುಂಡಿ ತಾಳದಲ್ಲಿ ಇಲ್ಲ.

ಪ್ರಭಾವ ಬೇರೆ, ನಿಯಂತ್ರಣ ಬೇರೆ. ಮತ್ತೆ ಮತ್ತೆ ಕೇಳಿದ ಹಾಡು ಇಷ್ಟವಾಗತೊಡಗುತ್ತದೆ ಎಂಬುದನ್ನು ಮನೋವಿಜ್ಞಾನ ಬಲ್ಲದು. ಉಡುಪು, ಮಾತಿನ ಧಾಟಿ, ಮೆಚ್ಚುವ ನಾಯಕ ಇವೆಲ್ಲ ಹಾಡಿನಿಂದ ಬದಲಾಗುತ್ತವೆ. ಅಮೆರಿಕದ ಸಮಾಜವಿಜ್ಞಾನಿ ಡೇವಿಸನ್ 1983ರಲ್ಲಿ ಗುರುತಿಸಿದ ಇನ್ನೊಂದು ಸಂಗತಿ ಇಲ್ಲಿ ಮುಖ್ಯ: ಮಾಧ್ಯಮಗಳು ತನ್ನನ್ನಲ್ಲ, ಇತರರನ್ನು ಕೆಡಿಸುತ್ತವೆ ಎಂದು ಪ್ರತಿಯೊಬ್ಬರೂ ನಂಬುತ್ತಾರೆ. ಹಿರಿಯರು ತಮ್ಮ ಕಾಲದ ಸಿನಿಮಾ ಹಾಡುಗಳಿಂದ ತಾವು ಕೆಟ್ಟೆವೆಂದು ಹೇಳುವುದು ಅಪರೂಪ.

ಭಾರತ ಮತ್ತು ಕರ್ನಾಟಕದಲ್ಲಿ

ದೂರದಿಂದಲೇ ಮಕ್ಕಳ ಮನಸ್ಸನ್ನು ಆಳುವ ಶಕ್ತಿಯ ಭೀತಿ ಭಾರತದಲ್ಲಿ ತೀವ್ರವಾಗಿ ಕಾಣಿಸಿದ್ದು 2017ರ ‘ಬ್ಲೂ ವೇಲ್’ ಆಟದ ಸಂದರ್ಭದಲ್ಲಿ. ಆ ವರ್ಷದ ಆಗಸ್ಟಿನಲ್ಲಿ ಕೇಂದ್ರದ ಮಾಹಿತಿ ತಂತ್ರಜ್ಞಾನ ಸಚಿವಾಲಯ ಅದರ ಕೊಂಡಿಗಳನ್ನು ತೆಗೆದುಹಾಕುವಂತೆ ಅಂತರಜಾಲ ಕಂಪನಿಗಳಿಗೆ ಸೂಚಿಸಿತು. ಸಾವುಗಳಿಗೂ ಆ ಆಟಕ್ಕೂ ಸಂಬಂಧವಿತ್ತೆಂಬುದು ತನಿಖೆಯಲ್ಲಿ ದೃಢಪಡಲಿಲ್ಲವೆಂದು 2018ರ ಜನವರಿಯಲ್ಲಿ ಸರ್ಕಾರ ಲೋಕಸಭೆಗೆ ತಿಳಿಸಿತು. ಭೀತಿಗೆ ಸಿಕ್ಕ ಪ್ರಚಾರ ಈ ಉತ್ತರಕ್ಕೆ ಸಿಗಲಿಲ್ಲ. ಅದೇ ವರ್ಷ ಮಕ್ಕಳ ಕಳ್ಳರ ಕುರಿತು ವಾಟ್ಸ್ಆ್ಯಪ್‌ನಲ್ಲಿ ಹರಡಿದ ಸುಳ್ಳು ಸಂದೇಶಗಳನ್ನು ನಂಬಿದ ಗುಂಪುಗಳು ಬೆಂಗಳೂರಿನಲ್ಲಿಯೂ ಬೀದರ್ ಜಿಲ್ಲೆಯಲ್ಲಿಯೂ ಅಮಾಯಕರನ್ನು ಕೊಂದವು. ಆ ಜನರ ಮನಸ್ಸನ್ನು ಯಾವ ಪ್ರಯೋಗಾಲಯವೂ ಆಳುತ್ತಿರಲಿಲ್ಲ. ಪರಿಚಿತರು ಕಳುಹಿಸಿದ ಸಂದೇಶ ಸಾಕಾಗಿತ್ತು.

ಕನ್ನಡದಲ್ಲಿ ರಾಪ್ ಹಾಡುಗಳು ಚಂದನ್ ಶೆಟ್ಟಿ, ಆಲ್ ಓಕೆ, ರಾಹುಲ್ ಡಿಟ್ಟೊ ಮೊದಲಾದವರಿಂದ ಮನೆಮಾತಾದವು. ಪ್ರಾಸ ಹಿಡಿದು ಎದುರಾಳಿಗೆ ಸವಾಲು ಹಾಕುವ ಕಲೆ ಕನ್ನಡಕ್ಕೆ ಹೊಸದಲ್ಲ. ಉತ್ತರ ಕರ್ನಾಟಕದ ಗೀಗೀ ಮೇಳಗಳ ಹರದೇಶಿ, ನಾಗೇಶಿ ವಾದ ಅದೇ ಜಾತಿಯದು. ಇಲ್ಲಿಯ ರಾಪ್ ವಿವಾದಗಳು ಪಿತೂರಿಯ ಭಾಷೆಯಲ್ಲಿ ನಡೆಯಲಿಲ್ಲವೆಂಬುದು ಗಮನಾರ್ಹ. ‘ಅಂತ್ಯ’ ಚಿತ್ರದ ಹಾಡೊಂದು ಗಾಂಜಾ ಸೇವನೆಗೆ ಪ್ರೇರಣೆ ನೀಡುತ್ತದೆಂಬ ಆಕ್ಷೇಪದ ಮೇಲೆ ಬೆಂಗಳೂರಿನ ಕೇಂದ್ರ ಅಪರಾಧ ವಿಭಾಗ ಚಂದನ್ ಶೆಟ್ಟಿ ಅವರಿಗೆ ನೋಟಿಸ್ ನೀಡಿತು. 2020ರ ಆಗಸ್ಟಿನಲ್ಲಿ ಮಲೆ ಮಹದೇಶ್ವರ ಪರಂಪರೆಯ ‘ಕೋಲುಮಂಡೆ ಜಂಗಮದೇವ’ ಪದವನ್ನು ಅವರು ರಾಪ್ ಶೈಲಿಯಲ್ಲಿ ಪ್ರಸ್ತುತಪಡಿಸಿದಾಗ, ದೃಶ್ಯಗಳು ಶರಣೆ ಸಂಕಮ್ಮನಿಗೆ ಅವಮಾನವೆಂದು ಭಕ್ತರು ಪ್ರತಿಭಟಿಸಿದರು. ಚಂದನ್ ಶೆಟ್ಟಿ ಕ್ಷಮೆ ಯಾಚಿಸಿದರು, ಹಾಡನ್ನು ಯೂಟ್ಯೂಬಿನಿಂದ ತೆಗೆಯಲಾಯಿತು. ಈ ಆಕ್ಷೇಪಗಳು ಸರಿಯೋ ತಪ್ಪೋ ಎಂಬುದರ ಬಗ್ಗೆ ಭಿನ್ನಾಭಿಪ್ರಾಯ ಇರಬಹುದು. ಆದರೆ ಇಲ್ಲಿ ಹಾಡಿದವರಿಗೆ ಹೆಸರಿತ್ತು, ಕೇಳಿದವರಿಗೆ ದೂರಿತ್ತು, ದೂರಿಗೆ ಉತ್ತರವೂ ಬಂತು. ಕಾಣದ ಕೂಟದ ಮೇಲೆ ಹೊರಿಸಿದ ಆರೋಪಕ್ಕೆ ಇಂಥ ಉತ್ತರ ಎಂದೂ ಬರಲಾರದು.

ಡಿಜೆ ಎಂಬ ಪದ ಹಿಪ್ ಹಾಪ್‌ನಲ್ಲಿ ಧ್ವನಿತಟ್ಟೆ ನುಡಿಸುವ ವ್ಯಕ್ತಿಯನ್ನು ಸೂಚಿಸುತ್ತದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಂಥ ಪಟ್ಟಣಗಳಲ್ಲಿ ಆ ಪದಕ್ಕೆ ವಾಹನದ ಮೇಲೆ ಅಟ್ಟಿಯಾಗಿ ಪೇರಿಸಿದ ಧ್ವನಿವರ್ಧಕಗಳೆಂದೇ ಅರ್ಥ. ಗಣೇಶ ವಿಸರ್ಜನೆಯ ಮೆರವಣಿಗೆಯಲ್ಲಿ ಡಿಜೆ ಇರಬೇಕೇ ಬೇಡವೇ ಎಂಬುದು ವರ್ಷವರ್ಷವೂ ಚರ್ಚೆಯಾಗುವ ವಿಷಯ. ಅದರ ಅಬ್ಬರದಿಂದ ಆಗುವ ಹಾನಿ ಮನಸ್ಸಿನ ವಶೀಕರಣದ್ದಲ್ಲ, ಕಿವಿ ಮತ್ತು ಹೃದಯಕ್ಕೆ ಸಂಬಂಧಿಸಿದ್ದು. ಅದನ್ನು ಡೆಸಿಬೆಲ್‌ಗಳಲ್ಲಿ ಅಳೆಯಬಹುದು. ಕೇಂದ್ರ ಸರ್ಕಾರದ ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳು, 2000ರ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿಯದು 45. ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಹಬ್ಬಗಳ ಸಂದರ್ಭದಲ್ಲಿ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ರಾಜ್ಯ ಸರ್ಕಾರ ವಿನಾಯಿತಿ ನೀಡಬಹುದು.